ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೆ ಪಾರ್ಕಿನ್ಸನ್ ಇಲ್ಲ ಅಂತಲೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ವಿರಾಜಪೇಟೆ ಹತ್ತಿರ ಸಣ್ಣ ಕಾಫಿ ತೋಟವಿದೆ. ಸುಮಾರು ಒಂದು ವರ್ಷದಿಂದ ಅವರ ಬಲಗೈ ನಡುಗುತ್ತಿದೆ, ಸುಮ್ಮನೆ ಕೂತಾಗ ಜಾಸ್ತಿ. ನಡಿಗೆ ನಿಧಾನವಾಗಿದೆ, ತಿರುಗುವಾಗ ತಡವರಿಸುತ್ತಾರೆ. ಈ ಮಳೆಗಾಲದಿಂದ ಮರೆವು ಹೆಚ್ಚಿದೆ. ಸಂಜೆ ಹೊತ್ತು ಅಂಗಳದಲ್ಲಿ ಮಕ್ಕಳು ನಿಂತಿದ್ದಾರೆ ಅನ್ನುತ್ತಾರೆ. ಮಡಿಕೇರಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು, ‘ವಯಸ್ಸಿಗೆ ತಕ್ಕಂತೆ ಮಿದುಳು ಕುಗ್ಗಿದೆ, ಬೇರೇನಿಲ್ಲ’ ಎಂದು ವರದಿ ಬಂತು. ಹಾಗಿದ್ದರೆ ಇದು ಪಾರ್ಕಿನ್ಸನ್ ಅಲ್ಲ ಎಂದು ನೆಂಟರು ಹೇಳುತ್ತಾರೆ. ಮೈಸೂರಿನ ಡಾಕ್ಟರು ಎಂಆರ್‌ಐ, ಟ್ರೋಡಾಟ್, ಪೆಟ್ ಮೂರನ್ನೂ ಬರೆದುಕೊಟ್ಟಿದ್ದಾರೆ. ಮೂರೂ ಬೇಕೇ? ಈಗ ಅವರು ತೆಗೆದುಕೊಳ್ಳುತ್ತಿರುವುದು: ತಲೆಸುತ್ತಿಗೆ ಸಿನ್ನರಿಜಿನ್ (ಎರಡು ವರ್ಷದಿಂದ), ಗ್ಯಾಸಿಗೆ ರಾಬೆಪ್ರಜೋಲ್ ಮತ್ತು ಲೆವೊಸಲ್ಪಿರೈಡ್ ಸೇರಿದ ಕ್ಯಾಪ್ಸೂಲ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ಬಿಪಿ ಮಾತ್ರೆ. ಯೌವನದಲ್ಲಿ ಕಾಡುಹಂದಿ ಓಡಿಸುವಾಗ ತೊಡೆಗೆ ಕೋವಿಯ ಗುಂಡಿನ ಚೂರುಗಳು ತಗುಲಿ, ಒಂದೆರಡು ಒಳಗೇ ಉಳಿದಿವೆ. ಕೊನೆಯದಾಗಿ, ನನಗೂ ಬರಬಹುದೇ, ನಾನೂ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಮೊದಲು ನೆಂಟರ ಮಾತು. ಸಿಟಿ ನಾರ್ಮಲ್ ಬಂದಿದೆ ಎಂಬುದು ಪಾರ್ಕಿನ್ಸನ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಪಾರ್ಕಿನ್ಸನ್ ಇದ್ದವರ ಸಿಟಿ ಸಾಮಾನ್ಯವಾಗಿ ಹಾಗೇ ಬರುತ್ತದೆ. ಈ ಕಾಯಿಲೆಯಲ್ಲಿ ಸಾಯುವುದು ಮಿದುಳಿನ ಕಾಂಡದ ಮೇಲ್ಭಾಗದಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪುಟ್ಟ ಭಾಗದಲ್ಲಿ ಡೋಪಮೈನ್ (ಚಲನೆಗೆ ಬೇಕಾದ ಸಂದೇಶ ಒಯ್ಯುವ ರಾಸಾಯನಿಕ) ತಯಾರಿಸುವ ಕೋಶಗಳು. ಆ ನಷ್ಟವನ್ನು ಕಾಣುವ ಶಕ್ತಿ ಸಿಟಿಗಿಲ್ಲ. ರಕ್ತಸ್ರಾವ, ಗೆಡ್ಡೆ, ದೊಡ್ಡ ಪಾರ್ಶ್ವವಾಯು, ಮಿದುಳಿನ ಕೋಣೆಗಳಲ್ಲಿ ನೀರು ತುಂಬಿರುವುದು, ಕ್ಯಾಲ್ಸಿಯಂ ಕೂತಿರುವುದು, ಇಷ್ಟನ್ನು ಅದು ಚೆನ್ನಾಗಿ ಹೇಳುತ್ತದೆ. ಆದ್ದರಿಂದ ನೀವು ಮಾಡಿಸಿದ್ದು ವ್ಯರ್ಥವಲ್ಲ. ವಯಸ್ಸಾದವರು ತೋಟದಲ್ಲಿ ಜಾರಿ ಬಿದ್ದು, ಅದನ್ನು ಮರೆತು, ಕೆಲವು ವಾರಗಳ ನಂತರ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡು ಹೀಗೇ ಮಂಕಾಗುವುದುಂಟು. ಸ್ಕ್ಯಾನ್ ಮಾಡಿಸಿದ ದಿನದ ಮಟ್ಟಿಗೆ ಆ ಭಯ ಕಳೆಯಿತು. ಅದಾದ ಮೇಲೆ ಬಿದ್ದಿದ್ದರೆ ಮತ್ತೆ ನೋಡಬೇಕು.

ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ರೋಗಿಗಳನ್ನು ಕಣ್ಣಿಂದ ನೋಡಿಯೇ. ಇವತ್ತಿಗೂ ರೋಗನಿರ್ಣಯದ ಬುಡ ಅಲ್ಲೇ ಇದೆ. 2015ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಚಲನೆ ನಿಧಾನವಾಗಿರಲೇಬೇಕು, ಅದರ ಜೊತೆ ವಿಶ್ರಾಂತಿಯಲ್ಲಿ ಬರುವ ನಡುಕ ಅಥವಾ ಬಿಗಿತ ಇರಬೇಕು. ಇದಕ್ಕೆ ಪಾರ್ಕಿನ್ಸನಿಸಂ ಅನ್ನುತ್ತಾರೆ. ಕಾರಣ ಯಾವುದು ಎಂಬುದು ಆಮೇಲಿನ ಪ್ರಶ್ನೆ. ಸ್ಕ್ಯಾನುಗಳು ನೆರವಿಗೆ ಬರುವುದು ಆ ಎರಡನೇ ಪ್ರಶ್ನೆಗೆ. ಅದರಲ್ಲೂ ಒಂದೊಂದು ಸ್ಕ್ಯಾನ್ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಸ್ಕ್ಯಾನುಗಳ ಮೇಲಲ್ಲ, ಮಾತ್ರೆಗಳ ಪಟ್ಟಿಯ ಮೇಲೆ. ಸಿನ್ನರಿಜಿನ್, ಲೆವೊಸಲ್ಪಿರೈಡ್ ಎರಡೂ ಡೋಪಮೈನ್ ಕೂರುವ ಜಾಗವನ್ನು ಅಡ್ಡಗಟ್ಟುತ್ತವೆ. ತಿಂಗಳುಗಟ್ಟಲೆ ತೆಗೆದುಕೊಂಡ ವಯಸ್ಸಾದವರಲ್ಲಿ ಇವೇ ನಡುಕ, ಬಿಗಿತ, ಕುಂಟುನಡಿಗೆ ತರಬಲ್ಲವು. ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ಫಿಟ್ಸಿಗೆ ಕೊಡುವ ವಾಲ್‌ಪ್ರೊಯೇಟ್ ಕೂಡ ಇಂಥದೇ ತೊಂದರೆ ತರಬಲ್ಲವು. ಗ್ಯಾಸಿನ ಮಾತ್ರೆಯಲ್ಲಿ ಲೆವೊಸಲ್ಪಿರೈಡ್ ಸೇರಿದೆ ಎಂಬುದನ್ನು ಮನೆಯವರು ಗಮನಿಸುವುದೇ ಇಲ್ಲ. ಸ್ಟ್ರಿಪ್ಪಿನ ಹಿಂಬದಿ ಸಣ್ಣಕ್ಷರದಲ್ಲಿ ರಾಬೆಪ್ರಜೋಲ್ ಕೆಳಗೆ ಎರಡನೇ ಹೆಸರಾಗಿ ಇರುತ್ತದೆ, ಅಂಗಡಿಯಿಂದ ವರ್ಷಗಟ್ಟಲೆ ತಂದು ನುಂಗುತ್ತಿರುತ್ತಾರೆ. ಡಾಕ್ಟರ ಒಪ್ಪಿಗೆ ಪಡೆದು ಈ ಎರಡನ್ನೂ ಬಿಡಿಸಿ. ಔಷಧಿಯೊಂದೇ ಕಾರಣವಾಗಿದ್ದರೆ ಕೆಲವು ವಾರಗಳಿಂದ ಆರು ತಿಂಗಳೊಳಗೆ ಬಹುತೇಕ ಇಳಿಯುತ್ತದೆ, ಕೆಲವರಿಗೆ ಇನ್ನೂ ತಡವಾಗುತ್ತದೆ. ಒಳಗೆ ಶುರುವಾಗಿದ್ದ ಪಾರ್ಕಿನ್ಸನ್ನನ್ನು ಔಷಧಿ ಬೇಗ ಹೊರಗೆಳೆದದ್ದಾದರೆ ಸ್ವಲ್ಪ ಇಳಿದು ಅಲ್ಲಿಗೇ ನಿಲ್ಲುತ್ತದೆ.

ಟ್ರೈಹೆಕ್ಸಿಫೆನಿಡಿಲ್ ಕಥೆ ಬೇರೆ. ನಡುಕ ಕಡಿಮೆ ಮಾಡುತ್ತದೆ ನಿಜ. ಆದರೆ 70 ದಾಟಿದವರಲ್ಲಿ ಮರೆವು, ಗೊಂದಲ, ಇಲ್ಲದ್ದು ಕಾಣುವುದು, ಮೂತ್ರ ಕಟ್ಟುವುದು ಇವಕ್ಕೆಲ್ಲ ದಾರಿ ಮಾಡುತ್ತದೆ. ಅಂಗಳದ ಮಕ್ಕಳು ಕಾಣಿಸಿಕೊಂಡದ್ದು ಈ ಮಾತ್ರೆ ಶುರುವಾದ ಮೇಲೋ ಮೊದಲೋ? ಹಳೆಯ ಚೀಟಿ ಹುಡುಕಿ ತಾರೀಖು ನೋಡಿ. ಆ ಒಂದು ತಾರೀಖು ಪೆಟ್ ಸ್ಕ್ಯಾನಿಗಿಂತ ಹೆಚ್ಚು ಹೇಳಬಹುದು. ಇದನ್ನು ಮಾತ್ರ ಒಂದೇ ಸಲ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಇದರ ಜೊತೆಗೇ ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ, ಕಿಡ್ನಿ ಪರೀಕ್ಷೆ, ಮೂತ್ರದ ಸೋಂಕಿನ ಪರೀಕ್ಷೆ ಆಗಲಿ. ಇವೆಲ್ಲ ಕೊಡಗಿನಲ್ಲೇ ಆಗುತ್ತವೆ.

ಇನ್ನೆರಡು ಪ್ರಶ್ನೆಗಳನ್ನು ನಿಮ್ಮ ತಾಯಿಯವರಿಗೆ ಕೇಳಬೇಕು. ನಿದ್ದೆಯಲ್ಲಿ ತಂದೆ ಕೂಗುವುದು, ಒದೆಯುವುದು, ಗುದ್ದುವುದು ಇದೆಯೇ, ಎಷ್ಟು ವರ್ಷದಿಂದ? ವಾಸನೆ ತಿಳಿಯುತ್ತದೆಯೇ? ಬೇಸಿಗೆಯ ಮೊದಲ ಮಳೆಗೆ ತೋಟವೆಲ್ಲ ಹೂವಾದಾಗ ಘಮ ಗೊತ್ತಾಯಿತೇ ಎಂದು ಕೇಳಿದರೆ ಕೊಡಗಿನವರು ತಕ್ಷಣ ಉತ್ತರ ಹೇಳುತ್ತಾರೆ. ಕನಸಿಗೆ ತಕ್ಕಂತೆ ಕೈಕಾಲು ಆಡಿಸುವುದು, ವಾಸನೆ ಹೋಗಿರುವುದು ಇವು ನಡುಕಕ್ಕೂ ವರ್ಷಗಳ ಮೊದಲೇ ಬರಬಹುದಾದ ಲಕ್ಷಣಗಳು. ಔಷಧಿಯಿಂದ ಬಂದ ನಡುಕದಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಈಗ ಎಂಆರ್‌ಐ. ಮೂರರಲ್ಲಿ ಇದನ್ನು ಮಾಡಿಸಿ. ಪಾರ್ಕಿನ್ಸನ್ ಇದೆ ಎಂದು ತೋರಿಸಲಿಕ್ಕಲ್ಲ, ಅದನ್ನು ಹೋಲುವ ಬೇರೆ ಕಾಯಿಲೆಗಳನ್ನು ಹಿಡಿಯಲಿಕ್ಕೆ. ಬರೀ ‘ಎಂಆರ್‌ಐ ಬ್ರೇನ್’ ಎಂದು ಹೋದರೆ ಐದು ಮಿಲಿಮೀಟರ್ ದಪ್ಪದ ಪದರಗಳಲ್ಲಿ ತೆಗೆದು ಕಳಿಸುವುದುಂಟು, ನಮಗೆ ಬೇಕಾದ್ದು ಅದರಲ್ಲಿ ತಪ್ಪಿಹೋಗುತ್ತದೆ. ಚೀಟಿಯಲ್ಲಿ ‘ಪಾರ್ಕಿನ್ಸನಿಸಂ ಪ್ರೋಟೊಕಾಲ್’ ಎಂದು ಬರೆಸಿಕೊಳ್ಳಿ: ಒಂದು ಮಿಲಿಮೀಟರಿನ ತ್ರೀಡಿ ಟಿ1, ಟಿ2, ಫ್ಲೇರ್, ಡಿಫ್ಯೂಷನ್, ಎಸ್‌ಡಬ್ಲ್ಯೂಐ. ಸಾಧ್ಯವಿದ್ದರೆ 3 ಟೆಸ್ಲಾ ಯಂತ್ರ. ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಫಿಲ್ಮಿನ ಜೊತೆಗೆ ಸಿಡಿ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಅಳತೆ ತೆಗೆಯಲಾಗದು, ಬೆಂಗಳೂರಿನಲ್ಲಿ ಮತ್ತೊಬ್ಬರು ನೋಡಬೇಕಾದಾಗ ಪುನಃ ಸ್ಕ್ಯಾನ್ ಮಾಡಿಸುವ ಖರ್ಚು ಬೀಳುತ್ತದೆ.

ಅದರಲ್ಲಿ ನೋಡುವುದೇನು? ತಲೆಯನ್ನು ಮೂಗಿನ ನೇರಕ್ಕೆ ಎಡಬಲ ಸೀಳಿದಂತೆ ತೆಗೆದ ಮಧ್ಯದ ಚಿತ್ರದಲ್ಲಿ ಮಿಡ್‌ಬ್ರೇನ್‌ನ (ಮಿದುಳಿನ ಕಾಂಡದ ಮೇಲ್ಭಾಗ) ಮೇಲಂಚು ಸಾಮಾನ್ಯವಾಗಿ ಉಬ್ಬಿರುತ್ತದೆ. ಪಿಎಸ್‌ಪಿ ಎಂಬ ಕಾಯಿಲೆಯಲ್ಲಿ ಅದು ಸವೆದು ತಗ್ಗಾಗಿ, ಅದರ ಕೆಳಗಿನ ಪಾನ್ಸ್ ಎಂಬ ಭಾಗ ಮಾತ್ರ ದುಂಡಗೆ ಉಳಿದು, ಒಟ್ಟು ಆಕಾರ ಉದ್ದ ಕೊಕ್ಕಿನ ಹಮ್ಮಿಂಗ್‌ಬರ್ಡ್ ಹಕ್ಕಿಯ ಹಾಗೆ ಕಾಣುತ್ತದೆ. 2005ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಈ ಚಿತ್ರದಲ್ಲಿ ಮಿಡ್‌ಬ್ರೇನ್‌ನ ಸರಾಸರಿ ವಿಸ್ತೀರ್ಣ ಆರೋಗ್ಯವಂತರಲ್ಲಿ ಸುಮಾರು 118 ಚದರ ಮಿಲಿಮೀಟರ್, ಪಾರ್ಕಿನ್ಸನ್ನಿನಲ್ಲಿ 103, ಪಿಎಸ್‌ಪಿಯಲ್ಲಿ 56. ಅಷ್ಟು ಅಂತರವಿರುವುದರಿಂದ ಇದು ಕಣ್ಣಳತೆಗೆ ಬಿಡುವ ವಿಷಯವಲ್ಲ, ವರದಿಯಲ್ಲಿ ಅಳತೆ ಬರೆಯಲು ಕೇಳಬಹುದು. ಪಿಎಸ್‌ಪಿಯವರು ಮೊದಲ ವರ್ಷಗಳಲ್ಲೇ ಹಿಂದಕ್ಕೆ ಬೀಳುತ್ತಾರೆ, ಕೆಳಗೆ ನೋಡಲು ಕಷ್ಟಪಡುತ್ತಾರೆ. ಎಂಎಸ್‌ಎ ಎಂಬ ಇನ್ನೊಂದರಲ್ಲಿ ಪಾನ್ಸಿನ ಅಡ್ಡಚಿತ್ರದಲ್ಲಿ ಶಿಲುಬೆಯಾಕಾರದ ಬಿಳಿ ಗೆರೆ ಮೂಡಬಹುದು, ಕಿರುಮಿದುಳು ಮತ್ತು ಅದರ ಕಂಬಗಳು ಸವೆದಿರುತ್ತವೆ. ಇಲ್ಲಿ ಎದ್ದು ನಿಂತೊಡನೆ ಬಿಪಿ ಕುಸಿಯುವುದು, ಮೂತ್ರದ ತೊಂದರೆ ಬೇಗ ಬರುತ್ತವೆ. ಆದರೆ ಈ ಗುರುತುಗಳು ಕಾಯಿಲೆ ಬಲಿತ ಮೇಲೆ ಸ್ಪಷ್ಟ. ಮೊದಲ ವರ್ಷ ಇಲ್ಲ ಎಂದರೆ ಕಾಯಿಲೆಯೇ ಇಲ್ಲ ಎನ್ನಲಾಗದು.

ಮಿದುಳಿನ ಕೋಣೆಗಳು ಹಿಗ್ಗಿ, ಹೆಜ್ಜೆ ನೆಲಕ್ಕೆ ಅಂಟಿದಂತಾಗಿ, ಮೂತ್ರ ತಡೆಯಲಾಗದೆ, ಮರೆವೂ ಬಂದಿದ್ದರೆ ಎನ್‌ಪಿಎಚ್ ಇರಬಹುದು. ಕೋಣೆಗಳ ಮುಂಭಾಗದ ಅಗಲವನ್ನು ತಲೆಬುರುಡೆಯ ಒಳ ಅಗಲದಿಂದ ಭಾಗಿಸಿದಾಗ 0.3 ದಾಟಿದರೆ ಅನುಮಾನ ಪಡುತ್ತಾರೆ. ಬೆನ್ನಿನಿಂದ 30ರಿಂದ 50 ಮಿ.ಲೀ. ದ್ರವ ತೆಗೆದು ನಡಿಗೆ ಸುಧಾರಿಸುತ್ತದೆಯೇ ನೋಡುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಸರಿಹೋಗಬಹುದಾದ್ದು, ಆದ್ದರಿಂದ ಹುಡುಕಲೇಬೇಕು. ಸಣ್ಣ ರಕ್ತನಾಳಗಳು ಕಟ್ಟಿ ಆದ ಕಲೆಗಳೂ ಎಂಆರ್‌ಐಯಲ್ಲಿ ಕಾಣುತ್ತವೆ. ಬಿಪಿ ಇದ್ದ 71ರ ವಯಸ್ಸಿನವರಲ್ಲಿ ಒಂದಿಷ್ಟು ಬಿಳಿ ಚುಕ್ಕೆ ಇದ್ದೇ ಇರುತ್ತವೆ, ಅಷ್ಟಕ್ಕೇ ‘ಸ್ಟ್ರೋಕಿನಿಂದ ಬಂದ ಪಾರ್ಕಿನ್ಸನ್’ ಎಂದು ಹಣೆಪಟ್ಟಿ ಹಚ್ಚುವುದು ಅವಸರ.

ಗುಂಡಿನ ಚೂರುಗಳ ವಿಷಯ ಬರೆದದ್ದು ಒಳ್ಳೆಯದಾಯಿತು. ಎಂಆರ್‌ಐ ಕೋಣೆಯ ಬಾಗಿಲಲ್ಲಿ ಕೇಳುವಾಗ ವಯಸ್ಸಾದವರು ‘ಏನಿಲ್ಲ’ ಎಂದುಬಿಡುತ್ತಾರೆ. ಸೀಸದ ಚೂರನ್ನು ಆಯಸ್ಕಾಂತ ಎಳೆಯುವುದಿಲ್ಲ, ಉಕ್ಕಿನದಾದರೆ ಎಳೆಯುತ್ತದೆ. ಮೊದಲೇ ತೊಡೆಯ ಎಕ್ಸ್‌ರೇ ತೆಗೆಸಿ, ರೇಡಿಯಾಲಜಿಸ್ಟರಿಗೆ ಕೊಡಿ. ರಕ್ತನಾಳ ಅಥವಾ ನರದ ಪಕ್ಕ ಇದೆಯೇ ಎಂದು ನೋಡಿ ಅವರು ನಿರ್ಧರಿಸುತ್ತಾರೆ. ಕಳೆ ಕೊಚ್ಚುವ ಯಂತ್ರ, ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದಲ್ಲಿ ಎಂದಾದರೂ ಕಣ್ಣಿಗೆ ಲೋಹದ ಚೂರು ಸಿಡಿದಿತ್ತೇ ಎಂಬುದು ಇನ್ನೂ ಮುಖ್ಯ, ಏಕೆಂದರೆ ಕಣ್ಣೊಳಗಿನ ಕಬ್ಬಿಣದ ಕಣ ಕದಲಿದರೆ ದೃಷ್ಟಿಯೇ ಹೋಗಬಹುದು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ಒಯ್ಯಿರಿ.

ಎಂಆರ್‌ಐ ಕೆಡುವುದು ಹೆಚ್ಚಾಗಿ ಅಲುಗಾಟದಿಂದ. 30ರಿಂದ 40 ನಿಮಿಷ ಅಂಗಾತ ಮಲಗಬೇಕು, ಬೆನ್ನು ಬಾಗಿದವರಿಗೆ ಅದೇ ದೊಡ್ಡ ಶಿಕ್ಷೆ. ಮಂಡಿ ಕೆಳಗೆ ದಿಂಬು, ಮಲಗುವ ಮುಂಚೆ ಮೂತ್ರ, ಲೆವೊಡೋಪಾ (ಪಾರ್ಕಿನ್ಸನ್ನಿನ ಮುಖ್ಯ ಔಷಧಿ) ಶುರುವಾಗಿದ್ದರೆ ಆ ಹೊತ್ತಿನ ಮಾತ್ರೆ ತಪ್ಪಿಸದಿರುವುದು, ಇವಿಷ್ಟರಿಂದಲೇ ಬಹಳ ಸಲ ಕೆಲಸ ಆಗುತ್ತದೆ. ನಿದ್ದೆಯ ಇಂಜೆಕ್ಷನ್ ಕೊಡಿಸಿ ಎಂದು ನೀವಾಗಿ ಒತ್ತಾಯಿಸಬೇಡಿ. ಗೊಂದಲ ಇರುವವರಲ್ಲಿ ಅದು ಮುಂದಿನ ಎರಡು ದಿನವನ್ನೂ ಕೆಡಿಸಬಹುದು.

ಟ್ರೋಡಾಟ್ ಬೇರೆಯೇ ಜಾತಿಯ ಪರೀಕ್ಷೆ. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತುವನ್ನು, ಡೋಪಮೈನ್ ನರತುದಿಗಳ ಮೇಲಿನ ಟ್ರಾನ್ಸ್‌ಪೋರ್ಟರಿಗೆ (ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳುವ ಪ್ರೋಟೀನು) ಹೋಗಿ ಅಂಟುವ ರಾಸಾಯನಿಕಕ್ಕೆ ಜೋಡಿಸಿ ಕೈನರಕ್ಕೆ ಚುಚ್ಚುತ್ತಾರೆ. ಮೂರ್ನಾಲ್ಕು ಗಂಟೆ ಕಾದು, ತಲೆಯ ಸುತ್ತ ಕ್ಯಾಮೆರಾ ತಿರುಗಿಸಿ ಚಿತ್ರ ತೆಗೆಯುತ್ತಾರೆ. ಅಮೆರಿಕ, ಯುರೋಪಿನಲ್ಲಿ ಇದೇ ಕೆಲಸಕ್ಕೆ ಅಯೋಡಿನ್-123 ಬಳಸುವ ಅಯೊಫ್ಲುಪೇನ್ ಇದೆ. ಅಮೆರಿಕದಲ್ಲಿ ಅದಕ್ಕೆ 2011ರಲ್ಲಿ ಪಾರ್ಕಿನ್ಸನಿಸಂಗೆ, 2022ರಲ್ಲಿ ಲೂಯಿ ಬಾಡಿ ಡಿಮೆನ್ಷಿಯಾಗೆ (ಪಾರ್ಕಿನ್ಸನ್ನಿಗೆ ನಂಟಿರುವ ಮರೆವಿನ ಕಾಯಿಲೆ) ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲು ಥೈರಾಯ್ಡ್ ರಕ್ಷಣೆಗೆ ಅಯೋಡಿನ್ ಔಷಧಿ ಕೊಡಬೇಕು. ಟ್ರೋಡಾಟ್‌ನಲ್ಲಿ ಅಯೋಡಿನ್ ಇಲ್ಲ, ಆ ಗೊಡವೆಯೂ ಇಲ್ಲ.

ಚಿತ್ರದಲ್ಲಿ ಎಡಬಲ ಎರಡು ಹೊಳೆಯುವ ಅಲ್ಪವಿರಾಮ ಚಿಹ್ನೆಗಳು ಕಂಡರೆ ಸರಿಯಾಗಿದೆ ಎಂದರ್ಥ. ಪಾರ್ಕಿನ್ಸನ್ನಿನಲ್ಲಿ ಮೊದಲು ಅಳಿಸುವುದು ಬಾಲ, ಅಂದರೆ ಮಿದುಳಿನೊಳಗಿನ ಪುಟಾಮೆನ್ ಎಂಬ ಗಂಟಿನ ಹಿಂಭಾಗ. ಬಾಲ ಹೋಗಿ ತಲೆ ಮಾತ್ರ ಉಳಿದಾಗ ಅಲ್ಪವಿರಾಮ ಪೂರ್ಣವಿರಾಮದ ಚುಕ್ಕಿಯಾಗುತ್ತದೆ. ನಿಮ್ಮ ತಂದೆಯವರ ಬಲಗೈ ನಡುಗುವುದರಿಂದ ಎಡಗಡೆಯ ಬಾಲ ಹೆಚ್ಚು ಮಸುಕಾಗಿರಬೇಕು. ಬಲಗಡೆಯದೇ ಹೋಗಿದೆ ಎಂದು ವರದಿ ಬಂದರೆ ಏನೋ ಎಡವಟ್ಟಾಗಿದೆ: ತಲೆ ವಾಲಿಸಿ ಮಲಗಿಸಿದ್ದರೆ ಒಂದು ಕಡೆ ಸುಳ್ಳೇ ಕಡಿಮೆ ಕಾಣುತ್ತದೆ, ಅಥವಾ ಅಲ್ಲಿ ಹಳೆಯ ಸಣ್ಣ ಸ್ಟ್ರೋಕ್ ಇರುತ್ತದೆ. ಅದಕ್ಕೇ ಎಂಆರ್‌ಐ ಸಿಡಿಯನ್ನು ಆ ವಿಭಾಗಕ್ಕೆ ಒಯ್ಯಬೇಕು.

ಈ ಸ್ಕ್ಯಾನ್ ಹೇಳುವುದು ಒಂದೇ ಮಾತು, ಡೋಪಮೈನ್ ನರತುದಿಗಳು ಕಡಿಮೆಯಾಗಿವೆಯೋ ಇಲ್ಲವೋ. ಕಡಿಮೆ ಬಂದರೆ ಪಾರ್ಕಿನ್ಸನ್, ಪಿಎಸ್‌ಪಿ, ಎಂಎಸ್‌ಎ, ಲೂಯಿ ಬಾಡಿ ಡಿಮೆನ್ಷಿಯಾ ಯಾವುದೂ ಆಗಬಹುದು, ಇವುಗಳಲ್ಲಿ ಯಾವುದು ಎಂದು ಅದು ಹೇಳದು. ಸರಿಯಿದ್ದರೆ ಔಷಧಿಯ ನಡುಕ, ಎಸೆನ್ಷಿಯಲ್ ಟ್ರೆಮರ್ (ಕೈ ಬಳಸುವಾಗ ಬರುವ ಬೇರೆ ಬಗೆಯ ನಡುಕ) ಕಡೆಗೆ, ಮರೆವು ಇರುವವರಲ್ಲಾದರೆ ಆಲ್‌ಜೈಮರ್ ಕಡೆಗೆ ಯೋಚನೆ ಹೋಗುತ್ತದೆ. ಸಿನ್ನರಿಜಿನ್, ಲೆವೊಸಲ್ಪಿರೈಡ್ ತಿನ್ನುತ್ತಿರುವ ನಿಮ್ಮ ತಂದೆಯವರಿಗೆ ಉಪಯುಕ್ತವಾಗುವುದು ಇಲ್ಲೇ. ಈ ಮಾತ್ರೆಗಳು ಮುಖ್ಯವಾಗಿ ಅಡ್ಡಗಟ್ಟುವುದು ನರತುದಿಯ ಆಚೆ ದಡದ ರಿಸೆಪ್ಟರನ್ನು, ಸ್ಕ್ಯಾನ್ ನೋಡುವುದು ಈಚೆ ದಡವನ್ನು. ಹಾಗಾಗಿ ಅವು ಚಿತ್ರವನ್ನು ಹೆಚ್ಚು ಕೆಡಿಸುವುದಿಲ್ಲ, ಲೆವೊಡೋಪಾ ಕೂಡ ನಿಲ್ಲಿಸಬೇಕಾಗಿಲ್ಲ. ಚಿತ್ರ ಕೆಡಿಸುವುದು ಬುಪ್ರೊಪಿಯಾನ್, ಮಿಥೈಲ್‌ಫೆನಿಡೇಟ್‌ನಂಥವು. ಅವಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಬರೆದುಕೊಟ್ಟವರನ್ನು ಕೇಳಿ.

ಲೂಯಿ ಬಾಡಿ ಡಿಮೆನ್ಷಿಯಾ ವಿಷಯದಲ್ಲಿ ಒಂದು ಎಚ್ಚರ. 2007ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನದಲ್ಲಿ ಈ ಬಗೆಯ ಸ್ಕ್ಯಾನ್ ಆ ಕಾಯಿಲೆಯವರಲ್ಲಿ 100ಕ್ಕೆ ಸುಮಾರು 78 ಮಂದಿಯನ್ನು ಹಿಡಿಯಿತು. ಬೇರೆ ಡಿಮೆನ್ಷಿಯಾದವರಲ್ಲಿ 90 ಮಂದಿಗೆ ಸರಿಯಾಗಿ ‘ಇಲ್ಲ’ ಎಂದಿತು. ಅಂದರೆ ನಾರ್ಮಲ್ ಬಂದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಪೆಟ್ ಸ್ಕ್ಯಾನ್ ಸದ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಎಫ್‌ಡಿಜಿ ಪೆಟ್ ಮಿದುಳಿನ ಯಾವ ಭಾಗ ಸಕ್ಕರೆ ಕಡಿಮೆ ಬಳಸುತ್ತಿದೆ ಎಂದು ತೋರಿಸುತ್ತದೆ. ಆಲ್‌ಜೈಮರಿನಲ್ಲಿ ಕಿವಿಯ ಬದಿಯ ಮತ್ತು ನೆತ್ತಿಯ ಪಕ್ಕದ ಭಾಗ, ಲೂಯಿ ಬಾಡಿಯಲ್ಲಿ ಹಿಂದಲೆಯ ದೃಷ್ಟಿಭಾಗ, ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಮುಂಭಾಗ ಮಂಕಾಗುತ್ತವೆ. ಮಾತ್ರೆಗಳನ್ನು ತಿದ್ದಿ ಎರಡು ಮೂರು ತಿಂಗಳಾದರೂ ಮರೆವು ಮುಂದುವರಿದು, ಯಾವ ಬಗೆ ಎಂದು ಗೊತ್ತಾಗದಿದ್ದರೆ ಆಗ ಮಾಡಿಸಿ. ಮಾಡಿಸುವಾಗ ನಾಲ್ಕರಿಂದ ಆರು ಗಂಟೆ ಬರೀ ನೀರು. ಮುಂಜಾನೆ ಹೊರಡುವ ಮೊದಲು ಒಂದು ಲೋಟ ಬೆಲ್ಲದ ಕಾಪಿ ಕುಡಿಸಿಬಿಟ್ಟರೆ ಸಕ್ಕರೆಯೂ ಹೋಯಿತು, ಕೆಫೀನೂ ಹೋಯಿತು, ಆ ದಿನದ ಪರೀಕ್ಷೆ ಮುಂದಕ್ಕೆ ಹಾಕಿಸಿಕೊಳ್ಳಬೇಕಾದೀತು. ರಕ್ತದ ಸಕ್ಕರೆ 200 ಮೀರಿದ್ದರೂ ಚಿತ್ರ ಮಂಕು. ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ಗಂಟೆ ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ, ಮೊಬೈಲಿಲ್ಲದೆ ಕೂರಬೇಕು. ಪಕ್ಕದಲ್ಲಿ ಕೂತು ಮಾತಾಡಿಸಿದರೆ ಮಾತಿನ, ಕೇಳುವಿಕೆಯ ಭಾಗಗಳು ಹೆಚ್ಚು ಸಕ್ಕರೆ ಹೀರಿ ಚಿತ್ರವನ್ನು ಬದಲಿಸುತ್ತವೆ. ಇದರಲ್ಲಿ ಬಳಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ, ಹುಣಸೂರು ದಾರಿಯಲ್ಲಿ ತಡವಾದರೆ ನಿಮಗಾಗಿ ತರಿಸಿದ ಡೋಸ್ ಕಾಯುವುದಿಲ್ಲ. ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳುವುದು ಮೇಲು. ಟ್ರೋಡಾಟ್ ಕೂಡ ಕೆಲವು ಕಡೆ ನಿಗದಿತ ದಿನಗಳಲ್ಲಿ ಮಾತ್ರ ಮಾಡುತ್ತಾರೆ, ಫೋನ್ ಮಾಡಿ ಖಚಿತಪಡಿಸಿಕೊಂಡೇ ಘಟ್ಟ ಇಳಿಯಿರಿ. ಯಾರಾದರೂ ಅಮಿಲಾಯ್ಡ್ ಪೆಟ್ ಸೂಚಿಸಿದರೆ ನೆನಪಿಡಿ: ಲೂಯಿ ಬಾಡಿ ಕಾಯಿಲೆಯವರಲ್ಲೂ ಬಹಳ ಮಂದಿಗೆ ಅದು ಪಾಸಿಟಿವ್ ಬರುತ್ತದೆ, ಈ ಎರಡನ್ನು ಬೇರ್ಪಡಿಸಲು ಅದು ಒಳ್ಳೆಯ ಆಯುಧವಲ್ಲ.

ಒಂದು ಮಾತನ್ನು ಸ್ಕ್ಯಾನಿಗಾಗಿ ಕಾಯದೆ ಈಗಲೇ ಪಾಲಿಸಿ. ನಿಧಾನ ಚಲನೆ, ಮರೆವು, ಸ್ಪಷ್ಟವಾಗಿ ಮನುಷ್ಯರು ಕಾಣುವುದು ಒಟ್ಟಿಗೆ ಇದ್ದಾಗ ಲೂಯಿ ಬಾಡಿ ಸಾಧ್ಯತೆ ಇಟ್ಟುಕೊಂಡೇ ನಡೆಯಬೇಕು. ಇವರಿಗೆ ರಾತ್ರಿ ಗಲಾಟೆಯಾಯಿತೆಂದು ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರೆ ಮೈ ಮರದಂತೆ ಬಿಗಿದು, ಪ್ರಜ್ಞೆ ಕುಸಿದು, ಜೀವಕ್ಕೇ ಅಪಾಯವಾಗಬಹುದು. ರಿಸ್ಪೆರಿಡೋನ್ ಕೂಡ ಒಳ್ಳೆಯದಲ್ಲ. ಚೀಟಿಯಲ್ಲಿ ‘ಲೂಯಿ ಬಾಡಿ ಅನುಮಾನ, ಹ್ಯಾಲೊಪೆರಿಡಾಲ್ ಬೇಡ’ ಎಂದು ಡಾಕ್ಟರಿಂದ ದೊಡ್ಡದಾಗಿ ಬರೆಸಿ, ಅವರ ಪರ್ಸಿನಲ್ಲಿಡಿ. ಮಧ್ಯರಾತ್ರಿ ಯಾವ ಆಸ್ಪತ್ರೆಗೆ ಹೋದರೂ ಕೆಲಸಕ್ಕೆ ಬರುತ್ತದೆ.

ಮರೆವು ನಡುಕಕ್ಕಿಂತ ಮೊದಲು ಅಥವಾ ಅದಾದ ಒಂದು ವರ್ಷದೊಳಗೆ ಬಂದರೆ ಲೂಯಿ ಬಾಡಿ ಡಿಮೆನ್ಷಿಯಾ, ವರ್ಷ ದಾಟಿ ಬಂದರೆ ಪಾರ್ಕಿನ್ಸನ್ ಡಿಮೆನ್ಷಿಯಾ ಎಂಬುದು ತಜ್ಞರು ಇಟ್ಟುಕೊಂಡ ಗಡಿ. ನಿಮ್ಮ ತಂದೆಯವರು ಸರಿಯಾಗಿ ಗಡಿಯ ಮೇಲಿದ್ದಾರೆ. ಇದನ್ನು ಯಾವ ಸ್ಕ್ಯಾನೂ ಬಿಡಿಸುವುದಿಲ್ಲ, ಚಿಕಿತ್ಸೆಯೂ ಹೆಚ್ಚು ಬದಲಾಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಆರು ತಿಂಗಳಿಗೊಮ್ಮೆ ಟ್ರೋಡಾಟ್ ಮಾಡಿಸಿ ಔಷಧಿ ಕೆಲಸ ಮಾಡುತ್ತಿದೆಯೇ ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2004ರಲ್ಲಿ ಪ್ರಕಟವಾದ ಎಲ್‌ಡೋಪಾ ಪ್ರಯೋಗ ಇದಕ್ಕೆ ಪಾಠ. 361 ಮಂದಿಗೆ 40 ವಾರ ಲೆವೊಡೋಪಾ ಅಥವಾ ಹುಸಿಮಾತ್ರೆ ಕೊಟ್ಟರು. ಲೆವೊಡೋಪಾ ಪಡೆದವರು ನಡೆದಾಡುವುದರಲ್ಲಿ ಮೇಲಿದ್ದರು, ಆದರೆ ಸ್ಕ್ಯಾನಿನಲ್ಲಿ ಅವರದೇ ಹೆಚ್ಚು ಇಳಿಕೆ ಕಂಡಿತು. ಮನುಷ್ಯ ಸುಧಾರಿಸುತ್ತಿದ್ದಾನೆ, ಚಿತ್ರ ಕೆಡುತ್ತಿದೆ! ಔಷಧಿಯೇ ಟ್ರಾನ್ಸ್‌ಪೋರ್ಟರ್ ಸಂಖ್ಯೆಯನ್ನು ತಗ್ಗಿಸಿರಬಹುದು ಎಂಬುದು ಒಂದು ವಿವರಣೆ. ಅದೇ ಪ್ರಯೋಗದಲ್ಲಿ ಸ್ಕ್ಯಾನ್ ಆದ 142 ಮಂದಿಯಲ್ಲಿ 21 ಮಂದಿಗೆ ಚಿತ್ರ ನಾರ್ಮಲ್ ಇತ್ತು, ಪಳಗಿದ ತಜ್ಞರು ಪಾರ್ಕಿನ್ಸನ್ ಎಂದು ಆರಿಸಿದವರಲ್ಲಿ! ಸಂಶೋಧನೆಗೆ ಈ ಸ್ಕ್ಯಾನುಗಳ ಬೆಲೆ ದೊಡ್ಡದು, 2010ರಿಂದ ನಡೆಯುತ್ತಿರುವ ಪಿಪಿಎಂಐ ಎಂಬ ಅಂತರರಾಷ್ಟ್ರೀಯ ಅಧ್ಯಯನ ಸಾವಿರಾರು ಜನರನ್ನು ಹೀಗೇ ಹಿಂಬಾಲಿಸುತ್ತಿದೆ. ಮನೆಯ ರೋಗಿಗೆ ಮಾತ್ರ ಸುಧಾರಣೆಯ ಅಳತೆ ಅಂಗಿಯ ಗುಂಡಿ ಹಾಕಲು ಎಷ್ಟು ಹೊತ್ತು ಹಿಡಿಯಿತು ಎಂಬುದರಲ್ಲೇ ಸಿಗುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಈ ವಾರ ಮಾತ್ರೆಗಳ ಸ್ಟ್ರಿಪ್ ಹಿಡಿದು ಡಾಕ್ಟರ ಹತ್ತಿರ ಹೋಗುವುದು ಮತ್ತು ರಕ್ತಪರೀಕ್ಷೆ. ತೊಡೆಯ ಎಕ್ಸ್‌ರೇ ಆದ ಮೇಲೆ ಸರಿಯಾದ ಎಂಆರ್‌ಐ. ಮಾತ್ರೆ ಬಿಟ್ಟ ಮೇಲೂ ನಡುಕ ಉಳಿದು, ಔಷಧಿಯದೋ ಕಾಯಿಲೆಯದೋ ಎಂಬ ಅನುಮಾನ ಹಾಗೇ ಇದ್ದರೆ ಒಂದೇ ಒಂದು ಸಲ ಟ್ರೋಡಾಟ್. ಒಂದು ವೇಳೆ ನ್ಯೂರಾಲಜಿಸ್ಟರು ಪರೀಕ್ಷಿಸಿ, ಲಕ್ಷಣಗಳು ಖಚಿತವಾಗಿ ಪಾರ್ಕಿನ್ಸನ್ನಿನವೇ, ಲೆವೊಡೋಪಾಗೆ ಚೆನ್ನಾಗಿ ಸ್ಪಂದಿಸಿದ್ದಾರೆ ಎಂದರೆ ಅದೂ ಬೇಡ.

ನಿಮ್ಮ ಕೊನೆಯ ಪ್ರಶ್ನೆಗೆ: ನೀವು ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ತಂದೆಗೆ 70ರಲ್ಲಿ ಬಂದ ಕಾಯಿಲೆ ಮಗನಿಗೆ ಬರುವ ಸಾಧ್ಯತೆ ಉಳಿದವರಿಗಿಂತ ತುಸು ಹೆಚ್ಚು, ಅಷ್ಟೇ. ಲಕ್ಷಣವಿಲ್ಲದವರ ಟ್ರೋಡಾಟ್‌ನಲ್ಲಿ ಏನಾದರೂ ಕಂಡರೂ ಅದನ್ನು ತಡೆಯುವ ಔಷಧಿ ಇನ್ನೂ ಇಲ್ಲ. ಕುಟುಂಬದಲ್ಲಿ ಇನ್ನೂ ಒಬ್ಬಿಬ್ಬರಿಗೆ ಇದ್ದರೆ, ಅಥವಾ ಯಾರಿಗಾದರೂ 50ಕ್ಕೂ ಮೊದಲೇ ಶುರುವಾಗಿದ್ದರೆ ಕೇಳಬೇಕಾದ್ದು ಸ್ಕ್ಯಾನ್ ಅಲ್ಲ, ಜೀನ್ ಪರೀಕ್ಷೆ. ಅದನ್ನೂ ಮೊದಲು ಮಾಡುವುದು ಕಾಯಿಲೆ ಇರುವವರಿಗೆ.